ಬೀಗರೂಟದಲ್ಲಿ ನನ್ನ ಜಾಹೀರಾತು

ವ್ಯಾಪಾರ ಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸೊಪ್ಪಿನವಳು ಹೇಳಿದ ಬೆಲೆಗೆ ತಲೆಯಾಡಿಸಿ, 'ಸ್ವಲ್ಪನಾದ್ರೂ ಚೌಕಾಸಿ ಮಾಡಿ ಸ್ವಾಮಿ, ನಂಗೇ ಬೇಜಾರಾಯ್ತದೆ' ಎಂದು ಅವಳಿಂದಲೇ ಬೈಸಿಕೊಂಡವನು ನಾನು. ಇಂಥವನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ವಿಡಿಯೋ ಸಾಮಾನಿನ ಅಂಗಡಿ ಇಟ್ಟಿದ್ದಾನೆಂದರೆ ಅದನ್ನು ಧೈರ್ಯ ಎನ್ನಬೇಕೋ, ತಲೆ ಕೆಟ್ಟಿದೆ ಎನ್ನಬೇಕೋ ನೀವೇ ಹೇಳಿ. ಕ್ಯಾಮೆರಾ, ಲೈಟು, ಮೈಕು, ಮದುವೆ ಮನೆಯಲ್ಲಿ ನಿಲ್ಲಿಸುವ ದೊಡ್ಡ ಸ್ಕ್ರೀನು, ಎಲ್ಲ ಇದೆ. ಕೆಲವನ್ನು ಮಾರುತ್ತೇನೆ, ಕೆಲವನ್ನು ಬಾಡಿಗೆಗೆ ಕೊಡುತ್ತೇನೆ. ಅಂದರೆ, ಕೊಡಬೇಕೆಂದು ಆಸೆ. 'ಈ ಲೈಟು ಹೆಂಗೆ ಸಾರ್?' ಎಂದು ಯಾರಾದರೂ ಕೇಳಿದರೆ ಬೇರೆಯವರು ಗುಣಗಾನ ಶುರು ಮಾಡುತ್ತಾರೆ. ನಾನು, 'ಚೆನ್ನಾಗಿದೆ, ಆದ್ರೆ ಒಂದು ಗಂಟೆ ಉರಿದ್ರೆ ಮುಟ್ಟೋಕಾಗಲ್ಲ' ಎಂದುಬಿಡುತ್ತೇನೆ. ಗಿರಾಕಿ ನನ್ನ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿ ಪಕ್ಕದ ಬೀದಿಯ ಅಂಗಡಿಗೆ ಹೋಗುತ್ತಾನೆ.

ಹೋಗದೆ ಉಳಿದವರು ನೆಂಟರಾಗುತ್ತಾರೆ. ಇದು ನಮ್ಮ ಸೀಮೆಯ ಕಾಯಿಲೆ. 'ಯಾವೂರಾಯ್ತು?' ಎಂದು ಕೇಳದೆ ನಮಗೆ ಮಾತು ಮುಂದಕ್ಕೆ ಹೋಗುವುದೇ ಇಲ್ಲ. ಒಮ್ಮೆ ಗುಬ್ಬಿಯಿಂದ ಒಬ್ಬ ಫೋಟೋಗ್ರಾಫರ್ ಮೂರು ದಿನಕ್ಕೆ ಲೈಟು ಕೇಳಿಕೊಂಡು ಬಂದ. ಯಾವೂರು ಎಂದೆ. ಹೇಳಿದ. ತಾಯಿಯ ಊರು ಎಂದೆ. ಅದನ್ನೂ ಹೇಳಿದ. ಟೀ ಲೋಟ ಖಾಲಿಯಾಗುವಷ್ಟರಲ್ಲಿ ಅವನ ಅಜ್ಜಿ ನಮ್ಮ ದೊಡ್ಡಮ್ಮನ ನಾದಿನಿ ಎಂದು ಪತ್ತೆಯಾಯಿತು. 'ಹಂಗಾದ್ರೆ ನೀವು ನಂಗೆ ಮಾವ ಆಗ್ಬೇಕು' ಎಂದು ಆತ ನನ್ನ ಕಾಲಿಗೆ ಬಿದ್ದ. ಕಾಲಿಗೆ ಬಿದ್ದವನ ಹತ್ತಿರ ಬಾಡಿಗೆ ಕೇಳುವುದಾದರೂ ಹೇಗೆ? ಲೈಟನ್ನು ಆಶೀರ್ವಾದದ ಜೊತೆಗೇ ಕೊಟ್ಟು ಕಳಿಸಿದೆ. ಈಗಲೂ ಯಾರದಾದರೂ ಮದುವೆಗೆ ಹೋದಾಗ ಅಲ್ಲಿ ನನ್ನ ಲೈಟು ಉರಿಯುತ್ತಿರುವುದನ್ನು ದೂರದಿಂದ ನೋಡಿ ಸಂತೋಷಪಡುತ್ತೇನೆ.

ನನ್ನ ಹೆಂಡತಿ ಸವಿತಾಳಿಗೆ ಈ ಸಂತೋಷ ಅರ್ಥವಾಗುವುದಿಲ್ಲ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಒಂದು ಭಾನುವಾರ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟಳು. 'ಯುಗಾದಿವರೆಗೆ ನೋಡ್ತೀನಿ ಕಣ್ರೀ. ಅಷ್ಟರೊಳಗೆ ನೆಂಟರಲ್ಲದೋರು ಒಬ್ಬರಾದ್ರೂ ಆರ್ಡರ್ ಕೊಡ್ಬೇಕು. ಒಬ್ಬರೇ ಸಾಕು. ಇಲ್ದಿದ್ರೆ ಅಂಗಡಿ ಮುಚ್ಚಿ, ನಮ್ಮಣ್ಣ ಕರೀತಾವ್ನೆ, ಹೋಗಿ.' ಅವಳ ಅಣ್ಣನದು ಗುಬ್ಬಿಯಲ್ಲಿ ಪೈಪು, ನಲ್ಲಿಗಳ ಅಂಗಡಿ. ಅಲ್ಲಿ ಮೂಲೆಯಲ್ಲೊಂದು ಸ್ಟೂಲು ನನಗಾಗಿಯೇ ಖಾಲಿ ಇದೆಯೆಂದು ಅವನು ನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ. ಕ್ಯಾಮೆರಾ ಹಿಡಿದ ಕೈಯಲ್ಲಿ ಕಕ್ಕಸಿನ ಪೈಪು ಹಿಡಿಯುವುದನ್ನು ನೆನೆಸಿಕೊಂಡು ನನಗೆ ನಿಜವಾಗಿ ಭಯವಾಯಿತು. ಅಂಗಡಿ ಎಷ್ಟೇ ನೊಣ ಹೊಡೆಯಲಿ, ಅದು ನನ್ನ ಪ್ರಾಣ.

ಪ್ರಚಾರಕ್ಕೆ ಇಳಿದೆ. ವಾಟ್ಸಾಪ್ ಸ್ಟೇಟಸ್ಸಿಗೆ ದಿನಕ್ಕೊಂದು ಕ್ಯಾಮೆರಾ ಹಾಕಿದೆ. 'ಸೂಪರ್ ಬಾವ' ಎಂದು ಉತ್ತರಗಳು ಬಂದವು. ಎಲ್ಲ ಬಾಮೈದಂದಿರೇ. ಒಂದು ರೀಲ್ಸ್ ಮಾಡೋಣವೆಂದು ದೇವರಾಯನದುರ್ಗಕ್ಕೆ ಹೋಗಿ, ಬಂಡೆಯ ಮೇಲೆ ನಿಂತು ಅಂಗಡಿಯ ಹೆಸರು ಹೇಳಲು ಬಾಯಿ ತೆರೆದೆ. ಗಾಳಿ ಸದ್ದು ತಡೆಯಲು ಮೈಕಿಗೆ ತುಪ್ಪಳದ ಟೋಪಿ ಹಾಕಿರುತ್ತೇವೆ. ಕೋತಿಯೊಂದು ಅದನ್ನು ಕಿತ್ತುಕೊಂಡು, ಯಾರ ಮರಿಯೋ ಪಾಪ ಎಂಬಂತೆ ಎದೆಗೆ ಅವಚಿಕೊಂಡು ಮರ ಹತ್ತಿತು. ರೀಲ್ಸಿನಲ್ಲಿ ನಾನು ಬಾಯಿ ಆಡಿಸುವುದು ಕಾಣುತ್ತದೆ, ಗಾಳಿ ಬೀಸುವುದು ಕೇಳುತ್ತದೆ.

ಯುಗಾದಿಗೆ ಹತ್ತೇ ದಿನ ಉಳಿದಾಗ ಕುಣಿಗಲ್ಲಿನ ಬೀಗರೂಟ ಬಂತು. ಸವಿತಾಳ ಚಿಕ್ಕಪ್ಪನ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಮದುವೆ ಮುಗಿಸಿ ಗಂಡಿನ ಕಡೆಯವರು ಮುದ್ದೆ, ಮಟನ್ನಿನ ಊಟ ಇಟ್ಟುಕೊಂಡಿದ್ದರು. ಊರಿಗೆ ಊರೇ ಸೇರುವ ಕಡೆ ಸ್ಕ್ರೀನು ನಿಲ್ಲಿಸಿ ಬಿಟ್ಟಿಯಾಗಿ ತೋರಿಸಿದರೆ ಒಬ್ಬರಾದರೂ ಬೀಳುತ್ತಾರೆಂದು ಲೆಕ್ಕ ಹಾಕಿದೆ.

'ಬೀಗರು ನೆಂಟರ ಲೆಕ್ಕಕ್ಕೇ ಬರ್ತಾರೆ' ಎಂದಳು ಸವಿತಾ.

'ಬೀಗರ ಪಕ್ಕದ ಮನೆಯವರು?'

ಸ್ವಲ್ಪ ಯೋಚಿಸಿ, 'ಅವರು ಪರವಾಗಿಲ್ಲ' ಎಂದಳು.

ಛತ್ರದ ಊಟದ ಹಾಲಿನಲ್ಲಿ ಒಂದು ಗೋಡೆಗೆ ಸ್ಕ್ರೀನು, ಎದುರಿಗೆ ಹೊಸ ಕ್ಯಾಮೆರಾ. ಈ ಕ್ಯಾಮೆರಾದ ವಿಶೇಷವೆಂದರೆ, ಯಾರದಾದರೂ ಮುಖ ತೋರಿಸಿ ಗುರುತು ಮಾಡಿಕೊಟ್ಟರೆ, ಅವರು ಎಲ್ಲಿ ಹೋದರೂ ತಾನೇ ಕತ್ತು ತಿರುಗಿಸಿ ಹಿಂಬಾಲಿಸುತ್ತದೆ. ಮದುಮಗನ ಮುಖ ತೋರಿಸಿದೆ, ಬಟನ್ ಒತ್ತಿದೆ. ಹಿಂದಿನ ದಿನ ಅಂಗಡಿಯಲ್ಲಿ ಪರೀಕ್ಷೆಗೆಂದು ನನ್ನದೇ ಮುಖ ತೋರಿಸಿದ್ದೆ. ಅದನ್ನು ಅಳಿಸಿರಲಿಲ್ಲ. ಈ ಸಂಗತಿ ನನಗೆ ನೆನಪಾದದ್ದು ಕೈ ತೊಳೆದ ಮೇಲೆ.

ಅಷ್ಟರಲ್ಲಿ ಗಂಡಿನ ಅಪ್ಪ ಬಂದು ರಟ್ಟೆ ಹಿಡಿದರು. 'ಬನ್ನಿ ಬೀಗ್ರೆ, ಊಟಕ್ಕೆ ಕೂತ್ಕಳಿ. ಕ್ಯಾಮೆರಾಗೇನು ಹೊಟ್ಟೆ ಹಸಿತದಾ?' ಬೀಗರು ಕರೆದಾಗ ಆಮೇಲೆ ಎನ್ನುವಂತಿಲ್ಲ. ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಸ್ಕ್ರೀನಿಗೆ ಬೆನ್ನು ಮಾಡಿ ಕುಳಿತೆ. ಎಲೆಗೆ ನಲ್ಲಿ ಮೂಳೆ ಬಿತ್ತು. ಇದರೊಳಗಿನ ಮಜ್ಜೆಯನ್ನು ಸುಲಭಕ್ಕೆ ಬಿಡಿಸಿಕೊಂಡವರುಂಟೇ? ಒಂದು ಕಡೆಯಿಂದ ಹೀರಿದೆ. ಬರಲಿಲ್ಲ. ಇನ್ನೊಂದು ಕಡೆಯಿಂದ ಹೀರಿದೆ. ಅಂಗೈಗೆ ಕುಟ್ಟಿದೆ. ಒಂದು ಕಣ್ಣು ಮುಚ್ಚಿ ತೂತಿನೊಳಗೆ ಇಣುಕಿ ನೋಡಿದೆ. ಹಾಲಿನಲ್ಲಿ ನಗು ಎದ್ದಿತು. ಪಿಕ್ಚರ್ ಕ್ವಾಲಿಟಿ ಜನಕ್ಕೆ ಹಿಡಿಸಿದೆ ಎಂದು ಹಿಗ್ಗಿ ಮತ್ತೆ ಹೀರಿದೆ. ಶಿಳ್ಳೆ ಬಿತ್ತು. ಎದುರು ಸಾಲಿನಲ್ಲಿ ಸವಿತಾ ಕಣ್ಣು ಕೆಕ್ಕರಿಸಿ ಬಾಯಿ ಒರೆಸಿಕೊಳ್ಳುವಂತೆ ಸನ್ನೆ ಮಾಡುತ್ತಿದ್ದಳು. ಸಾರು ಚೆನ್ನಾಗಿದೆ ಎನ್ನುತ್ತಿದ್ದಾಳೆಂದು ತಿಳಿದು ನಾನೂ ಹೆಬ್ಬೆರಳೆತ್ತಿ ಹೌದೆಂದೆ. ಕೊನೆಗೆ ಮಜ್ಜೆ ಸುರ್ರೆಂದು ಬಾಯೊಳಕ್ಕೆ ಬಂದಾಗ ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ತಿರುಗಿ ನೋಡಿದೆ. ಎಂಟಡಿ ಎತ್ತರದಲ್ಲಿ, ಮೀಸೆಗೆಲ್ಲ ಸಾರು ಮೆತ್ತಿಕೊಂಡು, ನಾನು.

ಮದುಮಗ ಒಂದು ಕ್ಷಣವೂ ಅದರಲ್ಲಿ ಬಂದಿರಲಿಲ್ಲವಂತೆ. ಸ್ಟೂಲು, ಪೈಪು, ನಲ್ಲಿ ಎಲ್ಲ ಕಣ್ಣ ಮುಂದೆ ಬಂದು, ಅವಮಾನದಿಂದ ವೈರು ಸುತ್ತುತ್ತಿದ್ದೆ. ಬಿಳಿ ಪಂಚೆಯ ಹಿರಿಯರೊಬ್ಬರು ಹತ್ತಿರ ಬಂದರು. ಚಿಕ್ಕರಂಗಯ್ಯ, ಬೀಗರ ಪಕ್ಕದ ಮನೆಯವರು.

'ಇದು ನಿಮ್ದೇನಾ? ಮುಂದಿನ ತಿಂಗ್ಳು ನಮ್ಮ ಮಗನ ಬೀಗರೂಟ. ಇದ್ನೆಲ್ಲ ತಂದು ಹಾಕ್ಬೇಕು. ಎಷ್ಟಾಯ್ತದೋ ಹೇಳಿ, ಕೊಡ್ತೀನಿ.'

ನಾನು ಉತ್ತರಿಸುವ ಮುಂಚೆ ಸವಿತಾ ಎಲ್ಲಿದ್ದಳೋ ಬಂದು ನಡುವೆ ನಿಂತಳು. ಅವರ ಊರು, ತಾಯಿಯ ಊರು, ಹೆಂಡತಿಯ ತೌರು, ಮನೆದೇವರು, ಎಲ್ಲ ವಿಚಾರಿಸಿದಳು. ಎಷ್ಟು ಕೆದಕಿದರೂ ಎಲ್ಲೂ ಸಂಬಂಧ ಹತ್ತಲಿಲ್ಲ. ನನ್ನ ಕಡೆ ತಿರುಗಿದ ಅವಳ ಮುಖದಲ್ಲಿ ಗಂಡ ಪಾಸಾದ ಸಂತೋಷವಿತ್ತು. ನನಗಂತೂ ಅಲ್ಲೇ ಕುಣಿಯಬೇಕೆನಿಸಿತು. ಆರ್ಡರ್ ಬುಕ್ಕನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಬರೆಯತೊಡಗಿದಳು.

'ಕ್ಯಾಮೆರಾ ಒಂದು, ಸ್ಕ್ರೀನು ಒಂದು. ಮದುಮಗನ್ನ ತೋರಿಸ್ಬೇಕು ತಾನೆ ಅಣ್ಣ?' ಎಂದು ಕೇಳಿದಳು.

'ಅಯ್ಯೋ, ಮದುಮಗ ಯಾಕವ್ವಾ? ಅವ್ನನ್ನ ದಿನಾ ನೋಡ್ತೀವಿ' ಎಂದರು ಚಿಕ್ಕರಂಗಯ್ಯ. 'ನಿಮ್ಮ ಯಜಮಾನ್ರು ಬಂದು ಊಟಕ್ಕೆ ಕೂರ್ಬೇಕು, ಅಷ್ಟೇಯ. ಅವ್ರು ಬರಲ್ಲ ಅಂದ್ರೆ ಆರ್ಡರ್ ಬ್ಯಾಡ ಬುಡಿ.'

ಸವಿತಾ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮೂರನೆಯ ಸಾಲಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ 'ಯಜಮಾನರು: ಒಂದು' ಎಂದು ಬರೆದು ಅಡಿಗೆರೆ ಎಳೆದಳು. ಆ ಹಾಳೆ ಈಗ ಅಂಗಡಿಯ ಗೋಡೆಯ ಮೇಲಿದೆ. ಅದರಲ್ಲಿ ವಾರಂಟಿ ಇಲ್ಲದ ಐಟಂ ನಾನೊಬ್ಬನೇ.