ಐದೂವರೆಯ ಬಸ್ಸು ಮತ್ತು ಆಕಾಶದ ಕೂಸು

ನಾನು ಸುಳ್ಳು ಹೇಳುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ನಾಲತವಾಡದ ಪ್ರಾಥಮಿಕ ಶಾಲೆಯಲ್ಲಿ ಕೂತು ‘ಸುಳ್ಳು ಹೇಳಬಾರದು’ ಎಂದು ಮಕ್ಕಳಿಂದ ನೂರು ನೂರು ಸಲ ಬರೆಸಿದ ಟೀಚರು ನಾನು. ಆದರೆ ಸಿನಿಮಾದ ಕತೆ ಹೇಳುವುದು ಬೇರೆ ಬಾಬತ್ತು. ಅದರಲ್ಲೂ ನಮ್ಮೂರಿನವರು ಹೇಳುವ ಸಿನಿಮಾ ಕತೆಗೆ ಅರ್ಧ ಜವಾಬ್ದಾರಿ ಐದೂವರೆಯ ಬಸ್ಸಿನದು.

ಅದು ಹೇಗೆಂದರೆ, ಆಗ ಇಂಗ್ಲಿಷ್ ಸಿನಿಮಾ ನೋಡಬೇಕೆಂದರೆ ನಾವು ಬಿಜಾಪುರಕ್ಕೇ ಹೋಗಬೇಕಿತ್ತು. ಅಲ್ಲಿ ಅದು ಹಿಂದಿ ಮಾತಾಡುತ್ತಿತ್ತು, ಆ ಮಾತು ಬೇರೆ. ಆಟ ಶುರುವಾಗುವುದು ಮೂರಕ್ಕೆ, ನಮ್ಮೂರಿಗೆ ನೇರ ಹೋಗುವ ಕಡೆಯ ಬಸ್ಸು ಐದೂವರೆಗೆ. ಹೀಗಾಗಿ ಐದು ಹೊಡೆದು ಹತ್ತು ನಿಮಿಷವಾಯಿತೆಂದರೆ ನಾಲತವಾಡ, ಮುದ್ದೇಬಿಹಾಳ ಕಡೆಯವರೆಲ್ಲ ಕತ್ತಲಲ್ಲಿ ಚಪ್ಪಲಿ ತಡಕಾಡುತ್ತ ಒಬ್ಬೊಬ್ಬರಾಗಿ ಎದ್ದು ಹೊರಡುತ್ತಿದ್ದರು. ಹಿಂದೆ ಕೂತವರು ಬೈಯುತ್ತಿದ್ದರು. ದುಷ್ಟ ಸತ್ತನೋ, ನಾಯಕಿ ಸಿಕ್ಕಳೋ, ನಮಗೆ ದೇವರಾಣೆ ಗೊತ್ತಾಗುತ್ತಿರಲಿಲ್ಲ. ಆದರೆ ಮನೆಗೆ ಹೋಗಿ ‘ಕಡೆಯದು ನೋಡಲಿಲ್ಲ’ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ, ಟಿಕೀಟಿನ ರೊಕ್ಕ ಪೂರ್ತಿ ಕೊಟ್ಟಿರುತ್ತಿದ್ದೆವಲ್ಲ! ಹಾಗಾಗಿ ನಮ್ಮೂರಲ್ಲಿ ಒಂದು ಸಿನಿಮಾಕ್ಕೆ ನಾಲ್ಕು ಮನೆಯಲ್ಲಿ ನಾಲ್ಕು ಥರದ ಕೊನೆ ಇರುತ್ತಿದ್ದವು.

ನನ್ನ ಮದುವೆಯಾದ ಹೊಸದರಲ್ಲಿ ನಮ್ಮವರು ನನ್ನನ್ನು ಕರೆದುಕೊಂಡು ಹೋದದ್ದು ಇಂಥ ಒಂದು ಸಿನಿಮಾಕ್ಕೆ. ಆಕಾಶದಿಂದ ಊರಗಲದ ಹಡಗುಗಳು ಇಳಿದು ಬಂದು ನಮ್ಮ ಭೂಮಿಯನ್ನು ಸುಡುವ ಕತೆ. ನಮ್ಮವರು ಮಧ್ಯಂತರದ ಚುರುಮುರಿ ತಿಂದವರೇ ನಿದ್ದೆ ಹೋದರು. ನಾನು ಐದೂ ಹತ್ತರ ತನಕ ಕಣ್ಣು ಪಿಳುಕಿಸದೆ ನೋಡಿ, ಅವರನ್ನು ಎಬ್ಬಿಸಿಕೊಂಡು ಬಸ್ಸಿಗೆ ಓಡಿದೆ.

ಮರುದಿನ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅತ್ತೆಯದು ಮಾತು ಕಡಿಮೆ, ನೋಟ ಜಾಸ್ತಿ. ನಾನು ಆ ಮನೆಗೆ ಬಂದು ಎರಡು ತಿಂಗಳಾಗಿದ್ದರೂ ‘ಹಿಟ್ಟ ತಾ’, ‘ನೀರ ತಾ’ ಬಿಟ್ಟರೆ ಮೂರನೆಯ ಮಾತು ಆಡಿರಲಿಲ್ಲ. ಅವತ್ತು ಮಾತ್ರ, “ಏನಿತ್ತ ಸಿನಿಮಾದಾಗ?” ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಹಡಗು, ಬೆಂಕಿ, ವಿಮಾನ ಎಲ್ಲವನ್ನೂ ಕೈ ಬಾಯಿ ಮಾಡಿ ಹೇಳಿದೆ. ಕೊನೆಗೆ ನಾನೇ ಒಂದು ಬಾಂಬು ಹಾಕಿಸಿ ಆಕಾಶದವರನ್ನೆಲ್ಲ ಕೊಂದು ಮುಗಿಸಿದೆ.

ಅತ್ತೆಯ ಕೈಯಲ್ಲಿ ರೊಟ್ಟಿ ನಿಂತಿತು. “ಎಲ್ಲಾ ಸತ್ತುವೇನು? ಸಣ್ಣ ಕೂಸು ಯಾವೂ ಇರಲಿಲ್ಲೇನು ಅದರಾಗ?”

ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. “ಒಂದ ಉಳೀತ್ರಿ ಅತ್ತಿ. ಹೊಲದ ಬಣವ್ಯಾಗ ಅಡಗಿ ಕುಂತಿತ್ತು.”

“ಅಯ್ಯ ಪಾಪ! ಏನ ಉಣ್ಣತೈತಿ ಅದು? ಹಾಲಾಗ ನುಚ್ಚ ಕಲಿಸಿ ಕೊಟ್ರ ಎಂಥಾ ಕೂಸಾದ್ರೂ ಉಣ್ಣತೈತಿ.”

ಹೀಗೆ ಅಮೆರಿಕದ ಒಬ್ಬ ರೈತನ ಹೆಂಡತಿ ಆಕಾಶದ ಕೂಸಿಗೆ ಜೋಳದ ನುಚ್ಚು ಉಣಿಸತೊಡಗಿದಳು. ಅತ್ತೆ ಬಿಡಲಿಲ್ಲ. ದಿನಾ ಹಂಚು ಕಾಯುವುದೇ ತಡ, ಕೂಸಿಗೆ ದೃಷ್ಟಿ ತೆಗೆದರೋ ಇಲ್ಲವೋ, ಹಲ್ಲು ಬಂದವೋ ಇಲ್ಲವೋ, ತಾಯಿ ನೆನಪಾಗಿ ಅಳುತ್ತದೋ ಹೇಗೆ ಎಂದು ವಿಚಾರಣೆ. ನನ್ನ ಸರಕು ಹದಿನೈದು ದಿನಕ್ಕೆ ಮುಗಿಯಿತು. ತಪ್ಪಿಸಿಕೊಳ್ಳಲು, “ಅದು ಎರಡನೇ ಭಾಗದಾಗ ಬರ್ತೈತಂತ್ರಿ” ಎಂದೆ. ಅಂಥದ್ದೊಂದು ಭಾಗ ಬರುತ್ತದೆಂದು ನನಗೇನು ಕನಸು ಬಿದ್ದಿತ್ತೇ? ಆದರೆ ಅತ್ತೆ ಕಾಯತೊಡಗಿದರು. ಕಾಯುತ್ತ ಕಾಯುತ್ತ ಕೂಸಿನಿಂದ ಶುರುವಾದ ಮಾತು ತಮ್ಮ ತವರಿಗೆ, ತಮ್ಮ ತೀರಿಹೋದ ಮೊದಲ ಮಗುವಿಗೆ, ನನ್ನ ಶಾಲೆಗೆ, ನನ್ನ ಬೆನ್ನುನೋವಿಗೆ ಹರಿಯಿತು. ಆರು ವರ್ಷದಲ್ಲಿ ನಮ್ಮಿಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲಾಗದಷ್ಟು ರೂಢಿಯಾಯಿತು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ನನಗೆ ಜಾಗ ಮಾಡಿಕೊಟ್ಟದ್ದು ಆ ಕೂಸೇ.

ಇಂಥದರಲ್ಲಿ ಒಂದು ದಿನ ನಮ್ಮವರು ಮುದ್ದೇಬಿಹಾಳದ ಸಂತೆಯಿಂದ ಕುಣಿಯುತ್ತ ಬಂದರು. “ಅವ್ವಾ, ನಿನ್ನ ಕೂಸು ಬಂತ ನೋಡು! ಎರಡನೇ ಭಾಗ ಬಿಜಾಪುರದಾಗ ಹಚ್ಯಾರ. ಗ್ವಾಡಿ ಮ್ಯಾಲ ದೊಡ್ಡ ಚಿತ್ರ ಬಿದ್ದೈತಿ.”

ಮೊದಲ ಭಾಗದಲ್ಲಿ ನಿದ್ದೆ ಹೊಡೆದ ಈ ಮಹಾರಾಯರು ನಾನು ಹೇಳಿದ್ದನ್ನು ಆರು ವರ್ಷ ಕೇಳೀ ಕೇಳೀ ಕೂಸನ್ನು ತಾವೂ ಕಣ್ಣಾರೆ ನೋಡಿದ್ದೇನೆಂದು ನಂಬಿಬಿಟ್ಟಿದ್ದರು. ಸಾಲದ್ದಕ್ಕೆ, “ಈ ಸಲ ಕಡೀತನಕ ನೋಡೂಣು. ರಾತ್ರಿ ಹಾದ್ಯಾಗಿನ ಮನಗೂಳ್ಯಾಗ ಅಕ್ಕನ ಮನ್ಯಾಗ ಉಳದು ಮುಂಜಾನೆ ಬರೂಣು” ಎಂದು ಸಾರಿದರು. ಹುಟ್ಟಿದಾಗಿನಿಂದ ಯಾವ ಸಿನಿಮಾದ ಕೊನೆಯನ್ನೂ ನೋಡದ ಮನುಷ್ಯನಿಗೆ ನೋಡಲು ಇದೇ ಸಿನಿಮಾ ಸಿಗಬೇಕೇ? ಅತ್ತೆಗೆ ಬಸ್ಸೆಂದರೆ ವಾಂತಿ. ಆದರೂ, “ನಾನೂ ಬರ್ತೇನಿ” ಎಂದರು. ಸುಳ್ಳು ಹೇಳಿದವರ ಬಾಯಲ್ಲಿ ಹುಳ ಬೀಳುತ್ತವೆ ಎಂದು ಓಣಿಯ ಮಕ್ಕಳಿಗೆ ದಿನಾ ಹೇಳುವ ಅತ್ತೆ ಅವರು. ಸಿನಿಮಾದಲ್ಲಿ ಕೂಸಿಲ್ಲವೆಂದು ಗೊತ್ತಾದರೆ ಆರು ವರ್ಷದ ಮಾತೆಲ್ಲ ಸುಳ್ಳಿನ ಕಂತೆಯಾಗಿ, ಮತ್ತೆ ‘ಹಿಟ್ಟ ತಾ, ನೀರ ತಾ’ಗೆ ನಾನು ಇಳಿಯಬೇಕಾಗುತ್ತದಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ಥೇಟರಿನಲ್ಲಿ ಅತ್ತೆ ನಮ್ಮಿಬ್ಬರ ನಡುವೆ ಕೂತರು. ಸೆರಗಿನಲ್ಲಿ ಲಿಂಬೆಹಣ್ಣು, ಮಡಿಲಲ್ಲಿ ಶೇಂಗಾದ ಹಿಂಡಿ ಚಟ್ನಿ ಸವರಿದ ರೊಟ್ಟಿಯ ಗಂಟು. ಹಡಗು ಬಂದವು, ಬೆಂಕಿ ಬಿತ್ತು. ಮೊದಲ ಸಲ ಬಿದ್ದ ಊರುಗಳೇ ಮತ್ತೆ ಬಿದ್ದವು. ಪ್ರತಿ ಸಲ ಬಾಗಿಲೊಂದು ತೆರೆದಾಗ ಅತ್ತೆ ಕತ್ತು ಉದ್ದ ಮಾಡಿ, “ಅದ ಏನು?” ಎನ್ನುವರು. “ಇನ್ನೂ ಇಲ್ರಿ” ಎನ್ನುವೆ ನಾನು. ಬಣವೆಯ ಮಾತಿರಲಿ, ಇಡೀ ಸಿನಿಮಾದಲ್ಲಿ ಒಂದು ಹಿಡಿ ಜೋಳದ ಕಣಿಕೆಯೂ ಕಾಣಲಿಲ್ಲ. ಮಧ್ಯಂತರದಲ್ಲಿ ನಮ್ಮವರು, “ಎಲ್ಲೈತಿ ಕೂಸು? ಇಷ್ಟೊತ್ತಿಗೆ ಬರಬೇಕಿತ್ತಲ್ಲ” ಎಂದು ನನ್ನನ್ನೇ ಕೇಳಿದರು. ನಾನೇ ಆ ಸಿನಿಮಾ ತೆಗೆದವಳೇನೋ ಎಂಬಂತೆ, “ಬರ್ತೈತಿ, ಸುಮ್ನ ಕುಂಡ್ರಿ” ಎಂದು ಗದರಿದೆ. ಐದು ಹೊಡೆಯಿತು. ಪರದೆಯ ಮೇಲೆ ದೊಡ್ಡದೊಂದು ಬಾಂಬು ತಯಾರಾಗತೊಡಗಿತು. ನಾನು ಕಣ್ಣು ಮುಚ್ಚಿ ಮನೆದೇವರಿಗೆ ಕಾಯಿ ಒಡೆಸುತ್ತೇನೆಂದು ಬೇಡಿಕೊಂಡೆ.

ಅಷ್ಟರಲ್ಲಿ ಅತ್ತೆ ಗಂಟು ಹಿಡಿದು ಎದ್ದು ನಿಂತರು. “ಏಳ್ರಿ, ಬಸ್ ತಪ್ಪತೈತಿ.”

“ಅವ್ವಾ, ಮನಗೂಳ್ಯಾಗ ಉಳಿಯೋದೈತಲ್ಲ!” ನಮ್ಮವರು ಅಳುವ ದನಿಯಲ್ಲಿ ಹೇಳಿದರು.

“ಎಮ್ಮಿ ಯಾರ ಹಿಂಡ್ತಾರ? ಏಳು.”

ಎಮ್ಮೆ ಹಿಂಡಲು ಮಗ್ಗುಲ ಮನೆಯವರಿಗೆ ಅವರೇ ಮುಂಜಾನೆ ಹೇಳಿಬಂದದ್ದು ನನಗೆ ಗೊತ್ತಿತ್ತು. ಚಪ್ಪಲಿ ತಡಕಾಡಿ ನಾನೂ ಎದ್ದೆ. ನಮ್ಮವರು ಪರದೆಯನ್ನು ಹಿಂದಿರುಗಿ ನೋಡುತ್ತ, ಯಾರದೋ ಕಾಲು ತುಳಿಯುತ್ತ ಹೊರಬಂದರು.

ಬಸ್ಸು ಊರು ದಾಟಿದ ಮೇಲೆ ಅತ್ತೆ ಲಿಂಬೆಹಣ್ಣು ಮೂಸುತ್ತ ನನ್ನ ಕಡೆ ತಿರುಗಿದರು. “ಹೂಂ, ಹೇಳು. ಕೂಸು ಕಡೀಕ ಏನಾತು?”

“ಅತ್ತಿ, ನಾವೂ ಎದ್ದ ಬಂದ್ವಲ್ರಿ. ನನಗ ಹೆಂಗ ಗೊತ್ತಾಗಬೇಕು?”

“ಆವತ್ತೂ ನೀ ಇದ ಬಸ್ಸಿಗೆ ಬಂದಾಕಿ. ಆವತ್ತ ಹೆಂಗ ಗೊತ್ತಾತು?”

ಅತ್ತೆ ನನ್ನ ಮೊಣಕಾಲ ಮೇಲೆ ಕೈ ಇಟ್ಟರು. “ಆ ಸಿನಿಮಾದವರು ಕೂಸಿನ್ನ ಮರತಾರವಾ. ನೀ ಮರಿಯಾಂಗಿಲ್ಲ. ಈಗ ಸುಳ್ಳ ಪಳ್ಳ ಹೇಳಬ್ಯಾಡ, ಖರೇ ಏನಾತು ಹೇಳು.”

ಕಣ್ಣಲ್ಲಿ ನೀರು ಬಂದದ್ದನ್ನು ಧೂಳಿನ ಮೇಲೆ ಹಾಕಿ ನಾನು ಶುರು ಮಾಡಿದೆ. ಕೂಸು ಬಾಂಬಿನ ತನಕ ಅಂಬೆಗಾಲಿಡುತ್ತ ಬಂತು. ಮುಂದಿನ ಸೀಟಿನ ಒಬ್ಬರು ತಿರುಗಿ, “ಸ್ವಲ್ಪ ಜೋರ ಹೇಳ್ರಿ ಅಕ್ಕಾರ, ನಾವೂ ಅದ ಸಿನಿಮಾದಿಂದ ಎದ್ದ ಬಂದೇವಿ” ಎಂದರು. ನಮ್ಮವರಿಗೆ ಈ ಸಲ ನಿದ್ದೆಯ ಸುಳಿವೂ ಇರಲಿಲ್ಲ. ಬಸವನ ಬಾಗೇವಾಡಿ ಬಂತು. ಆ ಮುಂದಿನ ಸೀಟಿನವರು ಇಳಿಯಲಾರದೆ ಇಳಿದು, ಕಿಟಕಿಯ ಹತ್ತಿರ ಓಡಿ ಬಂದು ಕೇಳಿದರು: “ಕೂಸು ಬದಕತೈತಿಲ್ರೀ? ಅಷ್ಟ ಹೇಳ್ರಿ ಸಾಕು.”

“ಬದಕತೈತ್ರಿ” ಎಂದೆ. ಅವರು ತಮ್ಮ ಮನೆಯಲ್ಲಿ ಮುಂದಿನದನ್ನು ಏನು ಹೇಳಿದರೋ ನನಗೆ ಗೊತ್ತಿಲ್ಲ.

ಮುದ್ದೇಬಿಹಾಳ ದಾಟುವ ಹೊತ್ತಿಗೆ ಕೂಸು ಬಾಂಬನ್ನು ಆರಿಸಿ, ಭೂಮಿಯನ್ನು ಉಳಿಸಿ, ಕೊನೆಯ ಹಡಗಿನಲ್ಲಿ ಇಳಿದು ಬಂದ ತನ್ನ ತಾಯಿಯ ಎದುರು ನಿಂತಿತ್ತು. ಇನ್ನೆರಡು ಹೆಜ್ಜೆ ಇಟ್ಟರೆ ಅವಳ ತೋಳಿನಲ್ಲಿ. ಅತ್ತೆ ಸೆರಗನ್ನು ಆಗಲೇ ಕಣ್ಣಿಗೆ ಒಯ್ದಿದ್ದರು. ಆ ಎರಡು ಹೆಜ್ಜೆ ಇಡಿಸಲು ನನಗೇನು ಖರ್ಚಿತ್ತು? ಆದರೆ ಇಡಿಸಿಬಿಟ್ಟರೆ ನಾಳೆ ಒಲೆಯ ಮುಂದೆ ನಾವಿಬ್ಬರೂ ಏನು ಮಾತಾಡುವುದು?

“ಅಷ್ಟರಾಗ ಹಡಗದ ಬಾಗಲಾ ಮುಚ್ಚೀತ್ರಿ ಅತ್ತಿ” ಎಂದೆ. “ಮೂರನೇ ಭಾಗ ಐತಂತ.”

“ಇರಲೇಬೇಕಲ್ಲ” ಎಂದು ಅತ್ತೆ ರೊಟ್ಟಿಯ ಗಂಟು ಬಿಚ್ಚಿ, ಮೊದಲ ರೊಟ್ಟಿ ನನ್ನ ಕೈಗೆ ಕೊಟ್ಟರು.