ಸುಣ್ಣದ ಗೆರೆಯ ಹೊರಗೆ

ಬೆಂಕಿಯ ಬಗ್ಗೆ ಒಲೆಯ ಹತ್ತಿರ ಸುಳಿಯದವರಿಗೆ ಇರುವಷ್ಟು ತಿಳಿವಳಿಕೆ ದಿನಕ್ಕೆ ಮೂರು ಹೊತ್ತು ಒಲೆ ಊದುವವರಿಗೆ ಇರುವುದಿಲ್ಲ. ಇದನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ, ಯಾಕೆಂದರೆ ನಾನು ಮೊದಲನೆಯ ಪಂಗಡದವನು. ಮದುವೆಯಾಗಿ ಆರು ವರ್ಷಗಳಲ್ಲಿ ನಾನು ಒಲೆ ಹೊತ್ತಿಸಿದ್ದು ಒಂದೇ ಸಲ. ಅದು ಸೀಮೆಎಣ್ಣೆಯ ಸ್ಟವ್. ಅಂದು ಚಹಾ ಆಗಲಿಲ್ಲ, ನನ್ನ ಎಡಗಣ್ಣಿನ ಹುಬ್ಬು ಮಾತ್ರ ಹೋಯಿತು. ಹುಬ್ಬು ಒಂದು ತಿಂಗಳಲ್ಲಿ ಮತ್ತೆ ಬಂತು, ನಾನು ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಆದರೆ ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಉರಿಯಲು ಆಮ್ಲಜನಕ ಬೇಕು ಎಂಬುದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ನಮ್ಮ ಊರಿನ ಅಂಗನವಾಡಿಯ ಲಿಲ್ಲಿ ಟೀಚರ್ ಬಂದು, "ಮಾಷ್ಟ್ರೇ, ತಾಯಂದಿರ ಸಭೆ ಉಂಟು. ಅಡುಗೆಮನೆಯಲ್ಲಿ ಮಕ್ಕಳಿಗೆ ಬೆಂಕಿ ತಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ನೀವೊಂದು ನಾಲ್ಕು ಮಾತು ಹೇಳಬೇಕು" ಎಂದಾಗ ನನಗೆ ಸ್ವಲ್ಪವೂ ಸಂಕೋಚ ಆಗಲಿಲ್ಲ.

ನಾಲ್ಕು ಮಾತಿನ ಬದಲು ಒಂದು ಗಂಟೆ ಮಾತಾಡಿದೆ. ತಾಯಂದಿರ ಅಜಾಗ್ರತೆ ಎಂಬ ಪದವನ್ನು ನಾನು ಎಷ್ಟು ಸಲ ಬಳಸಿದೆನೆಂದರೆ ಕೊನೆಕೊನೆಗೆ ಚಿಕ್ಕ ಮಕ್ಕಳೂ ಅದನ್ನು ನನ್ನ ಜೊತೆ ಹೇಳತೊಡಗಿದರು. ಬಾಣಲೆಯ ಹಿಡಿಯನ್ನು ಒಳಗೆ ತಿರುಗಿಸಿಡಿ, ಬಿಸಿನೀರಿನ ಪಾತ್ರೆಯನ್ನು ನೆಲದ ಮೇಲೆ ಇಡಬೇಡಿ, ಗಂಜಿ ಬಸಿಯುವಾಗ ಮಗುವನ್ನು ಸೊಂಟದಲ್ಲಿ ಎತ್ತಿಕೊಳ್ಳಬೇಡಿ ಎಂದೆಲ್ಲ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಾಕೆ ಎದ್ದು, "ಮತ್ತೆ ಎಲ್ಲಿ ಬಿಡುವುದು ಮಾಷ್ಟ್ರೇ? ಅದರ ಅಪ್ಪ ಜಗಲಿಯಲ್ಲಿ ಪೇಪರ್ ಓದ್ತಾ ಇರ್ತಾರಲ್ಲ?" ಎಂದು ಕೇಳಿದಳು. ಹೆಂಗಸರೆಲ್ಲ ನಕ್ಕರು. ನಾನು ಗಂಭೀರವಾಗಿ, ಪ್ರಶ್ನೆಗಳನ್ನು ಕೊನೆಗೆ ತೆಗೆದುಕೊಳ್ಳುತ್ತೇನೆ ಎಂದೆ. ಕೊನೆಗೆ ನನಗೆ ಉಪ್ಪಳಕ್ಕೆ ಹೋಗುವ ಬಸ್ಸು ನೆನಪಾಯಿತು. ಹೊರಡುವ ಮುಂಚೆ ಬಹುಮುಖ್ಯವಾದ ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳಿದೆ: ಸುಟ್ಟಲ್ಲಿಗೆ ಶಾಯಿ, ದೋಸೆಹಿಟ್ಟು, ಹಲ್ಲುಜ್ಜುವ ಪೇಸ್ಟು ಇಂಥದ್ದನ್ನೆಲ್ಲ ಹಚ್ಚುವುದು ಶುದ್ಧ ಅಜ್ಞಾನ, ಕೂಡಲೇ ತಣ್ಣೀರು ಹೊಯ್ಯುತ್ತಾ ಇರಬೇಕು, ಮತ್ತೆ ಡಾಕ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅತ್ತೆ ಗಲ್ಲವನ್ನು ಎದೆಗೆ ಊರಿ ಕಣ್ಣು ಮುಚ್ಚಿಕೊಂಡಿದ್ದರು. ಸ್ವಂತ ಅಳಿಯನ ಭಾಷಣಕ್ಕೆ ನಿದ್ದೆ ಮಾಡುವುದೆಂದರೆ ಎಂಥ ಅವಮಾನ! ಆದರೆ ಶಾಲೆ ಹತ್ತಿರವೆಂಬ ನೆಪ ಹೇಳಿ ಹೆಂಡತಿಯ ಮನೆಯಲ್ಲೇ ವಾಸ ಮಾಡುವವನಿಗೆ ಇಂಥದ್ದನ್ನೆಲ್ಲ ನುಂಗಿಕೊಳ್ಳುವ ಅಭ್ಯಾಸ ಇರುತ್ತದೆ.

ಅತ್ತೆಯದ್ದು ಭಾಷಣವಿಲ್ಲದ ಪದ್ಧತಿ. ಅಡುಗೆಮನೆಯ ಬಾಗಿಲಿಗೆ ಮೊಣಕಾಲೆತ್ತರಕ್ಕೆ ಒಂದು ಹಲಗೆ ಅಡ್ಡ ಇಟ್ಟಿದ್ದರು. ನನ್ನ ಮೂರು ವರ್ಷದ ಮಗಳು ಪಮ್ಮಿ ಹಲಗೆಯ ಈಚೆ ಕೂತು, ತೆಂಗಿನ ಗೆರಟೆಯಲ್ಲಿ ಮಣ್ಣು ತುಂಬಿಸಿ ಅನ್ನ ಬೇಯಿಸುತ್ತಿದ್ದಳು. ಅಜ್ಜಿ ಆಚೆ ನಿಜವಾದ ಅನ್ನ ಬೇಯಿಸುತ್ತಿದ್ದರು. ಒಲೆಯಲ್ಲಿ ಉಳಿದ ಕೆಂಡವನ್ನು ಇಕ್ಕುಳದಿಂದ ಹೆಕ್ಕಿ, ನೀರು ತುಂಬಿದ ಹಳೆಯ ಮಡಕೆಗೆ ಹಾಕಿ, ಚುಯ್ ಎಂದ ಮೇಲೆಯೇ ಅವರು ಅಡುಗೆಮನೆ ಬಿಟ್ಟು ಏಳುವುದು. ಆ ಹಲಗೆಗೆ ನಾನು ಎರಡು ಸಲ ಎಡವಿ ಬಿದ್ದಿದ್ದೇನೆ. ಇದೊಂದು ಅವೈಜ್ಞಾನಿಕ ಏರ್ಪಾಡು ಎಂದು ಹೆಂಡತಿ ಸುಜಾತಳ ಹತ್ತಿರ ದೂರಿದ್ದೂ ಉಂಟು. ಅವಳು, "ನಿಮಗೆ ಅಲ್ಲಿ ಎಂತ ಕೆಲಸ?" ಎಂದಳು.

ಹೀಗಿರುವಾಗ ಸುಜಾತಳ ಅಣ್ಣ ಜಯರಾಮ ದುಬಾಯಿಯಿಂದ ರಜೆಯಲ್ಲಿ ಬಂದ. ಸೆಂಟು, ಟಾರ್ಚು, ಕ್ಯಾಮೆರಾಗಳ ಜೊತೆಗೆ ಈ ಸಲ ಮೂರು ಕಾಲಿನ ಒಂದು ಗ್ರಿಲ್ಲೂ ಬಂದಿತ್ತು. "ಭಾವ, ಅಲ್ಲಿ ಶುಕ್ರವಾರ ನಾವೆಲ್ಲ ಗಾಡಿ ತಕೊಂಡು ಮರುಭೂಮಿಗೆ ಹೋಗಿ ಇದರಲ್ಲೇ ಕೋಳಿ ಸುಡುವುದು. ಹೆಂಗಸರಿಗೆ ಕೆಲಸವೇ ಇಲ್ಲ!" ಎಂದ. ಆ ಭಾನುವಾರ ಹೆಂಗಸರಿಗೆ ಕೆಲಸ ಇಲ್ಲದ ಅಡುಗೆ ಶುರುವಾಯಿತು. ಸುಜಾತ ಕೋಳಿ ತುಂಡು ಮಾಡಿದಳು, ಮಸಾಲೆ ಅರೆದಳು, ಬಂಗುಡೆ ಮೀನು ತೊಳೆದಳು. ಅತ್ತೆ ಗೆರಟೆ ಸುಟ್ಟು ಕೆಂಡ ಮಾಡಿ ಕೊಟ್ಟರು. ಆಮೇಲೆ ನಾವಿಬ್ಬರು ಗಂಡಸರು ಲುಂಗಿ ಎತ್ತಿ ಕಟ್ಟಿ, ಗ್ರಿಲ್ಲಿನ ಎರಡು ಬದಿಗೆ ನಿಂತು ಅಡುಗೆ ಮಾಡಿದೆವು.

ಗ್ರಿಲ್ ಇದ್ದದ್ದು ಪಮ್ಮಿಯ ಕುತ್ತಿಗೆಯ ಎತ್ತರಕ್ಕೆ. ನನ್ನೊಳಗಿನ ಭಾಷಣಕಾರ ಎಚ್ಚೆತ್ತ. ಶಾಲೆಯ ಕ್ರೀಡಾಕೂಟದಲ್ಲಿ ಮಿಕ್ಕಿದ ಸುಣ್ಣದ ಹುಡಿ ಮನೆಯಲ್ಲಿತ್ತು. ಗ್ರಿಲ್ಲಿನ ಸುತ್ತ ಅಂಗಳದಲ್ಲಿ ದೊಡ್ಡದೊಂದು ಗೆರೆ ಎಳೆದೆ, ಕಬಡ್ಡಿ ಅಂಕಣಕ್ಕೆ ಎಳೆಯುವ ಹಾಗೆ. "ನೋಡು ಪಮ್ಮಿ, ಗೆರೆಯ ಒಳಗೆ ಬೆಂಕಿ. ಗೆರೆಯ ಹೊರಗೆ ಬೆಂಕಿ ಇಲ್ಲ. ಎಲ್ಲಿ ಹೇಳು?" ಅವಳು ಹೇಳಿದಳು. ಹತ್ತು ಸಲ ಹೇಳಿಸಿದೆ. ಎಂಥ ಮಗು ಅದು! ಮಧ್ಯಾಹ್ನವಿಡೀ ಒಂದು ಹೆಬ್ಬೆರಳನ್ನೂ ಗೆರೆಯ ಒಳಗೆ ಇಡಲಿಲ್ಲ. ಬೆಕ್ಕು ದಾಟಿದರೂ ಬಯ್ಯುತ್ತಿದ್ದಳು. "ಇದಕ್ಕೆ ಹೇಳುವುದು ಶಿಕ್ಷಣ ಅಂತ" ಎಂದು ನಾನು ಅತ್ತೆಗೆ ಕೇಳಿಸುವಂತೆ ಜಯರಾಮನಿಗೆ ಹೇಳಿದೆ.

ಊಟವಾಯಿತು. ಕೋಳಿ ಹೊರಗೆ ಕರಕಲಾಗಿ, ಒಳಗೆ ಹಸಿಯಾಗಿತ್ತು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದೆವು. ಉಳಿದ ಕೆಂಡವನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅತ್ತೆ ಮಡಕೆಯಲ್ಲಿ ನೀರು ಹಿಡಿದುಕೊಂಡು ಬಂದರು. "ಬೇಡ ಅಮ್ಮ, ನೀರು ಬಿದ್ದರೆ ಗ್ರಿಲ್ ತುಕ್ಕು ಹಿಡಿಯುತ್ತದೆ. ಅಲ್ಲಿ ನಾವು ಮರುಭೂಮಿಯ ಹೊಯಿಗೆಯಲ್ಲಿ ಹೂತುಬಿಡುವುದು" ಎಂದ ಜಯರಾಮ. ಅತ್ತೆ ನನ್ನ ಮುಖ ನೋಡಿದರು. ವಿಜ್ಞಾನದ ಮಾಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಯಾವಾಗ ಸಿಗಬೇಕು? ಹೊಯಿಗೆಯ ಅಡಿಯಲ್ಲಿ ಆಮ್ಲಜನಕ ಇಲ್ಲ, ಆಮ್ಲಜನಕ ಇಲ್ಲದಿದ್ದರೆ ಉರಿಯುವುದಿಲ್ಲ ಎಂದು ವಿವರಿಸಿ, ಕೆಂಡವನ್ನೆಲ್ಲ ಅಂಗಳದ ಮೂಲೆಯ ತೆಂಗಿನಮರದ ಬುಡಕ್ಕೆ ಸುರಿದು, ಮೇಲೆ ಹೊಯಿಗೆ ಎಳೆದು, ನೆಲವನ್ನು ಚಂದಕ್ಕೆ ಸಮ ಮಾಡಿದೆ. ಸುಟ್ಟ ಗುರುತೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅತ್ತೆ ಆ ಜಾಗಕ್ಕೆ ಕೋಳಿ ಮುಚ್ಚುವ ದೊಡ್ಡ ಬುಟ್ಟಿ ಕವುಚಿ ಹಾಕಿ, ಮೇಲೊಂದು ಕಲ್ಲು ಹೇರಿದ್ದರು. ನನ್ನ ವಿಜ್ಞಾನದ ಮೇಲೆ ಬುಟ್ಟಿ ಕವುಚಿದ ಹಾಗಾಯಿತು. ಸಿಟ್ಟು ಬಂತು, ಆದರೆ ಹೊಟ್ಟೆ ತುಂಬಿತ್ತು. ಹೋಗಿ ಮಲಗಿದೆ.

ಸಂಜೆ ಚಹಾದ ಹೊತ್ತಿಗೆ ಜಯರಾಮ ಕ್ಯಾಮೆರಾ ಹಿಡಿದುಕೊಂಡು, "ಭಾವ, ಬಿಸಿಲು ಒಳ್ಳೇದುಂಟು. ಪಮ್ಮಿದೊಂದು ಫೋಟೋ ತೆಗೆಯುವ, ಆ ತೆಂಗಿನಮರದ ಹತ್ತಿರ" ಎಂದ. ತೆಂಗಿನಮರದ ಹತ್ತಿರ ಈ ಹಳೆಯ ಬುಟ್ಟಿ! ದುಬಾಯಿಯಲ್ಲಿ ನಾಲ್ಕು ಜನ ನೋಡುವ ಫೋಟೋದಲ್ಲಿ ಕೋಳಿಬುಟ್ಟಿ ಬೇಡವೆಂದು ನಾನೇ ಹೋಗಿ ಕಲ್ಲನ್ನೂ ಬುಟ್ಟಿಯನ್ನೂ ಎತ್ತಿ ದನದ ಹಟ್ಟಿಯ ಬದಿಗಿಟ್ಟೆ. ಪಮ್ಮಿ ಹೊಸ ಅಂಗಿ ಹಾಕಿಕೊಂಡು ಜಗಲಿಯಿಂದ ಇಳಿದಳು. ಬರಿಗಾಲು. ನಮ್ಮಲ್ಲಿ ಅಂಗಳಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವವರು ಯಾರು? ಮರುಭೂಮಿಯಲ್ಲಿ ಬೂಟು ಹಾಕಿಕೊಂಡವರು ಮಾಡುವ ಕೆಲಸವನ್ನು ನಾನು ಇಡೀ ಮನೆ ಬರಿಗಾಲಲ್ಲಿ ಓಡಾಡುವ ಅಂಗಳದಲ್ಲಿ ಮಾಡಿದ್ದೆ. ಅದು ನನಗೆ ಹೊಳೆದದ್ದು ಪಮ್ಮಿ ಸುಣ್ಣದ ಗೆರೆಯ ಹತ್ತಿರ ಬಂದು, ಗೆರೆಯನ್ನು ತುಳಿಯದೆ, ಜಾಗ್ರತೆಯಿಂದ ಸುತ್ತು ಬಳಸಿ, ಗೆರೆಯ ಹೊರಗಿನ ತೆಂಗಿನಮರದ ಕಡೆಗೆ ಖುಷಿಯಿಂದ ಓಡಿದಾಗ. ನಾನು ಹತ್ತು ಸಲ ಹೇಳಿಸಿದ ಪಾಠವನ್ನು ಅವಳು ಒಂದಕ್ಷರ ತಪ್ಪದೆ ಪಾಲಿಸುತ್ತಿದ್ದಳು.

"ಮಗು! ಮಗುವನ್ನು ಹಿಡೀರಿ!" ಎಂದು ಅತ್ತೆ ಹಲಗೆಯ ಆಚೆಯಿಂದ ಕೂಗಿದರು. ನಾನು ಓಡಿದೆ. ಆ ಎಂಟು ಹತ್ತು ಹೆಜ್ಜೆಗಳಲ್ಲಿ ನನಗಾದ ಹೆದರಿಕೆಯನ್ನು ಹಾಸ್ಯ ಮಾಡಲು ಈಗಲೂ ನನ್ನಿಂದ ಆಗುವುದಿಲ್ಲ. ಪಮ್ಮಿಯ ಕಾಲು ಹೊಯಿಗೆ ಮುಟ್ಟುವ ಮೊದಲೇ ಅವಳನ್ನು ಎತ್ತಿ ಗಾಳಿಯಲ್ಲಿ ಹಿಡಿದೆ. ನನ್ನ ಎಡಗಾಲು ಮಾತ್ರ ನಾನೇ ಚಂದಕ್ಕೆ ಸಮ ಮಾಡಿದ್ದ ಜಾಗದಲ್ಲಿ ಪೂರ್ತಿ ಇಳಿಯಿತು. ಉರಿ ಬೇರೆ, ಬಿಸಿ ಬೇರೆ. ಉರಿ ಆರಿದರೂ ಹೊಯಿಗೆ ಬಿಸಿಯನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ಇದೂ ಏಳನೇ ಕ್ಲಾಸಿನ ಪಾಠವೇ, ಅದನ್ನು ಕಲಿಸುವವನೂ ನಾನೇ. ಜಯರಾಮ ಅದೇ ಗಳಿಗೆಯಲ್ಲಿ ಕ್ಯಾಮೆರಾ ಒತ್ತಿದ.

ಆಮೇಲೆ ನಾನು ಜಗಲಿಯಲ್ಲಿ ಬಿದ್ದುಕೊಂಡು ಏನೆಂದು ಕಿರುಚಿದೆ ಎಂಬುದು ನನಗೆ ನೆನಪಿಲ್ಲ. ಸುಜಾತಳಿಗೆ ಚೆನ್ನಾಗಿ ನೆನಪಿದೆ, ನೆರೆಮನೆಯವರಿಗೂ ನೆನಪಿದೆ. "ಪೇಸ್ಟ್ ತನ್ನಿ! ಪೇಸ್ಟ್ ಇಲ್ಲದಿದ್ದರೆ ದೋಸೆಹಿಟ್ಟಾದರೂ ತನ್ನಿ!" ಎಂದೆನಂತೆ. ಅತ್ತೆ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿ ತಂದು, ನನ್ನ ಕಾಲನ್ನು ಮೆಟ್ಟಿಲಿನಿಂದ ಕೆಳಗೆ ಇಳಿಬಿಟ್ಟು, ನಿಧಾನವಾಗಿ ಹೊಯ್ಯತೊಡಗಿದರು. ಒಂದು ಕೊಡ ಮುಗಿದರೆ ಇನ್ನೊಂದು. ನಾನು ಪೇಸ್ಟ್ ಎಂದಾಗಲೆಲ್ಲ ಅವರು, "ಅದು ಶುದ್ಧ ಅಜ್ಞಾನ ಅಂತ ಮಾಷ್ಟ್ರು ಹೇಳಿದ್ದಾರೆ. ಕೂಡಲೇ ತಣ್ಣೀರು, ಮತ್ತೆ ಡಾಕ್ಟರು" ಎನ್ನುತ್ತಿದ್ದರು. ಇಡೀ ಸಭೆಯಲ್ಲಿ ನನ್ನ ಭಾಷಣವನ್ನು ಗಮನವಿಟ್ಟು ಕೇಳಿದವರು ಅವರೊಬ್ಬರೇ ಎಂದು ನನಗೆ ಗೊತ್ತಾದದ್ದು ಹಾಗೆ. ಡಾಕ್ಟರು ಕಾಲು ನೋಡಿ, ನೀರು ಹೊಯ್ದದ್ದು ಒಳ್ಳೆಯದಾಯಿತು, ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅತ್ತೆ ನನ್ನ ಕಡೆ ಕೈ ತೋರಿಸಿದರು. ಅವರು ನನ್ನನ್ನು ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಫೋಟೋ ಬಂದಾಗ ಅದರಲ್ಲಿ ನಾನು ಒಂಟಿಕಾಲಲ್ಲಿ ನಿಂತು, ಬಾಯಿ ಪೂರ್ತಿ ತೆರೆದು, ಮಗಳನ್ನು ತಲೆಯ ಮೇಲೆತ್ತಿ ಹಿಡಿದಿದ್ದೆ. ಅವಳು ಕಿಲಕಿಲ ನಗುತ್ತಿದ್ದಳು. ಮಗಳ ಮೇಲೆ ಎಷ್ಟು ಪ್ರೀತಿ ಈ ಅಪ್ಪನಿಗೆ ಎಂದು ದುಬಾಯಿಯಲ್ಲಿ ಎಲ್ಲರೂ ಹೊಗಳಿದರೆಂದು ಜಯರಾಮ ಪತ್ರ ಬರೆದ. ಬುಟ್ಟಿ ಫೋಟೋದಲ್ಲಿ ಇರಲಿಲ್ಲ.

ಕಾಲಿಗೆ ಬ್ಯಾಂಡೇಜು ಇರುವಾಗಲೇ ಮುಂದಿನ ತಾಯಂದಿರ ಸಭೆ ಬಂತು. ಲಿಲ್ಲಿ ಟೀಚರ್ ಮನೆಗೆ ಬಂದರು. ನನಗಿನ್ನು ಮುಖವಿಲ್ಲ, ಈ ಸಲ ಭಾಷಣಕ್ಕೆ ಬೇರೆ ಯಾರನ್ನಾದರೂ ಕರೆಯಿರಿ ಎಂದೆ. ಟೀಚರ್ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ಭಾಷಣಕ್ಕೆ ನಿಮ್ಮ ಅತ್ತೆಯನ್ನು ಕೇಳಿ ಆಗಿದೆ ಮಾಷ್ಟ್ರೇ, ಅವರು ಒಪ್ಪಿದ್ದಾರೆ. ನೀವು ಎಂತದ್ದೂ ಮಾತಾಡುವುದು ಬೇಡ ಮಾರಾಯ್ರೇ. ಸುಮ್ಮನೆ ಬಂದು ಅವರ ಪಕ್ಕದಲ್ಲಿ ಕೂತು, ಅವರು ಹೇಳಿದಾಗ ಒಮ್ಮೆ ಕಾಲು ತೋರಿಸಿದರೆ ಸಾಕು."

ಹೋದೆ. ಅತ್ತೆ ಐದೇ ನಿಮಿಷ ಮಾತಾಡಿದರು, ಒಬ್ಬರೂ ತೂಕಡಿಸಲಿಲ್ಲ. ಹಿಂದಿನ ಬೆಂಚಿನ ಆ ಹೆಂಗಸು ಈ ಸಲವೂ ಎದ್ದು ನಿಂತು, ಗಂಜಿ ಬಸಿಯುವಾಗ ಮಗುವನ್ನು ಎಲ್ಲಿ ಬಿಡುವುದು ಎಂದು ಮತ್ತೆ ಕೇಳಿದಳು. ಅತ್ತೆ ನನ್ನನ್ನೂ ನನ್ನ ಮಡಿಲಲ್ಲಿ ಕೂತಿದ್ದ ಪಮ್ಮಿಯನ್ನೂ ತೋರಿಸಿ, "ಇವರಿಗೆ ಈಗ ನಡೆಯಲಿಕ್ಕೆ ಆಗುವುದಿಲ್ಲ, ಅದಕ್ಕೆ ಬೆಳಗ್ಗಿನಿಂದ ಮಗು ಇವರ ಹತ್ತಿರವೇ ಉಂಟು" ಎಂದರು.