ದೀಪದ ಬುರುಜಿನ ಮುಂದೆ ಒಂದು ‘ಸರಿ’

ಯೋಚಿಸದೆ ಆಡುವ ಮಾತೊಂದು ಪ್ರತಿಯೊಬ್ಬರ ಬಾಯಲ್ಲೂ ಇರುತ್ತದೆ. ನಮ್ಮ ಬಾಜು ಮನೆಯ ಕಾಕಾ ಉಸಿರು ಬಿಟ್ಟಾಗಲೆಲ್ಲ ‘ಅಂದ್ರ’ ಎನ್ನುತ್ತಾರೆ. ಅದರ ಮುಂದೆ ಏನೂ ಇರುವುದಿಲ್ಲ. ನನ್ನ ಮಾತು ‘ಸರಿ’. ಸಂಶಿಯ ಸಮೀಪದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಹುಡುಗ ಉತ್ತರ ಹೇಳಿದರೆ ‘ಸರಿ’ ಎಂದು ಬೆನ್ನು ತಟ್ಟುತ್ತಿದ್ದೆ, ತಪ್ಪು ಹೇಳಿದರೂ ‘ಸರಿ’ ಎಂದೇ ಕಿವಿ ಹಿಂಡುತ್ತಿದ್ದೆ. ಇದರಿಂದ ಯಾರಿಗೂ ಕೇಡಿಲ್ಲವೆಂದು ಕಳೆದ ರವಿವಾರದವರೆಗೆ ನಂಬಿದ್ದೆ. ಇವತ್ತು ಗುರುವಾರ.

ನವಲಗುಂದದಲ್ಲಿರುವ ಮಗಳು ದಸರೆಯ ರಜೆಗೆಂದು ತನ್ನ ಏಳು ವರ್ಷದ ಮಗಳು ಸೃಷ್ಟಿಯನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದಳು. ಕೂಸಿನ ಪುಸ್ತಕದಲ್ಲಿ ಲೈಟ್‌ಹೌಸಿನ ಚಿತ್ರವಿತ್ತು. ಅದನ್ನು ನೋಡಲೇಬೇಕೆಂದು ಹಟ ಹಿಡಿಯಿತು. ಕರೀ ಎರೆಭೂಮಿಯಲ್ಲಿ ಲೈಟ್‌ಹೌಸ್ ಎಲ್ಲಿಂದ ತರುವುದು? ಆದರೆ ಅಜ್ಜನಾದವನಿಗೆ ಇಲ್ಲ ಎನ್ನಲು ಬರುವುದಿಲ್ಲ. ಎರಡು ಬಸ್ಸು ಬದಲಿಸಿದರೆ ಒಂದು ಊರಿದೆ. ಹೆಸರು ಬೇಡ, ಆ ಊರಿನವರದೇನೂ ತಪ್ಪಿಲ್ಲ. ಅಲ್ಲಿ ಕೆರೆಯ ದಂಡೆಗೆ ಹಳೆಯ ಕೋಟೆ, ಅದರ ಮೂಲೆಗೆ ಎತ್ತರದ ಬುರುಜು. ಹಿಂದೆ ಮಳೆಗಾಲದಲ್ಲಿ ಕತ್ತಲಾದರೆ ಅದರ ತುದಿಗೆ ದೀಪ ಹಚ್ಚಿಡುತ್ತಿದ್ದರಂತೆ. ದೀಪದ ಬುರುಜು ಎಂದೇ ಅದರ ಹೆಸರು. ಬುತ್ತಿ ಕಟ್ಟಿಕೊಂಡು ನಾನು, ಹೆಂಡತಿ, ಕೂಸು ಮೂವರೂ ಹೊರಟೆವು.

“ಹಡಗ ಎಲ್ಲ್ಯದಾವ ಅಜ್ಜಾ?” ಬುರುಜು ಕಂಡ ಕೂಡಲೆ ಸೃಷ್ಟಿ ಕೇಳಿದಳು.

“ಹಡಗಲ್ಲವಾ, ಚಕ್ಕಡಿ. ಮಳಿ ಆತಂದ್ರ ಎರಿ ಹೊಲದಾಗ ಚಕ್ಕಡೀನೂ ಮುಳಗತಾವ. ಅವಕ್ಕ ದಾರಿ ಕಾಣ್ಲಿ ಅಂತ ದೀಪ.”

“ಕೂಸಿಗೆ ಏನೇನರ ಹೇಳಬ್ಯಾಡ್ರಿ,” ಎಂದಳು ನನ್ನ ಹೆಂಡತಿ.

“ಲೇ, ಇದು ಇತಿಹಾಸ.”

“ನಿಮ್ಮ ಬಾಯಾಗ ಎಲ್ಲಾ ಒಂದ ನಮೂನಿ ಕೇಳತೈತ್ರಿ.”

ಕೋಟೆಯ ಗೋಡೆ ಚಕ್ಕಡಿ ಓಡಾಡುವಷ್ಟು ಅಗಲವಿದೆ. ಬುರುಜಿಗೆ ಹತ್ತಿರವಾದಲ್ಲಿ ಮಾತ್ರ ಕಲ್ಲು ಕುಸಿದು ಬಾಯಿ ಬಿಟ್ಟಿದೆ. ಕೆಳಗೆ ಎರಡಾಳು ಆಳ, ಅದರ ತಳಕ್ಕೆ ಬಂಡೆ ಮತ್ತು ಕೆರೆಯ ನೀರು. ಮೇಲೆ ಹತ್ತಿದ ಕೂಡಲೆ ಬೆರಳು ಮಾಡಿ ತೋರಿಸಿ, “ಆ ಕಡಿ ಹೋಗಬ್ಯಾಡವಾ” ಎಂದು ಎಚ್ಚರಿಸಿದವನು ನಾನೇ. ಹೆಂಡತಿ ಗೋಡೆಯ ಮೇಲೆಯೇ, ಬೇವಿನ ನೆರಳು ಬಿದ್ದಲ್ಲಿ ಬುತ್ತಿಯ ಗಂಟು ಬಿಚ್ಚತೊಡಗಿದಳು. “ಅಜ್ಜ ಹೇಳಿದಂಗ ಕೇಳಬೇಕ ನೋಡು” ಎಂದು ಕೂಸಿಗೆ ಹೇಳಿದವಳು ಅವಳು. ಇಬ್ಬರೂ ಅಷ್ಟೊಂದು ಜಾಣರು.

ಸೃಷ್ಟಿಯನ್ನು ಬುರುಜಿಗೆ ಬೆನ್ನು ಮಾಡಿ ನಿಲ್ಲಿಸಿ ಫೋನು ಹಿಡಿದೆ. ಪರದೆಯಲ್ಲಿ ಅವಳ ತಲೆ ಬುರುಜಿನ ತುದಿಯನ್ನು ಮುಚ್ಚಿತ್ತು. “ಒಂದೀಟ ಹಿಂದ ಸರಿ” ಎಂದೆ. ಸರಿದಳು. ತುದಿ ಕಾಣಿಸಿತು. ಸಂತೋಷಕ್ಕೆ “ಸರಿ” ಎಂದೆ. ಅವಳು ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದಳು, ಬುರುಜು ಇನ್ನಷ್ಟು ಚಂದ ಕಂಡಿತು. “ಸರಿ, ಸರಿ.” ಚಿತ್ರ ಚಂದವಾದಷ್ಟೂ ನಾನು ‘ಸರಿ’ ಎನ್ನುತ್ತ ಹೋದೆ, ನಾನು ‘ಸರಿ’ ಎಂದಷ್ಟೂ ಕೂಸು ಹಿಂದೆ ಹಿಂದೆ ಹೋಗುತ್ತಿತ್ತು. ಪರದೆಯಲ್ಲಿ ಗೋಡೆಯೂ ಬುರುಜೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಡುವಿನ ಕುಸಿತ ಅದರೊಳಗೆ ಇರಲೇ ಇಲ್ಲ. ಫೋಟೊ ಎಂದರೆ ಇದು, ಎಂದು ಗುಂಡಿ ಒತ್ತುವಷ್ಟರಲ್ಲಿ ಮೊಮ್ಮಗಳಿದ್ದ ಜಾಗದಲ್ಲಿ ಹಸಿರು ಸೀರೆಯೊಂದು ಬಂದು ಬಿತ್ತು.

ಮೂರು ಮೆಟ್ಟಿಲಿಗೆ ಮೊಣಕಾಲು ಹಿಡಿದುಕೊಂಡು ನಿಲ್ಲುವ ನನ್ನ ಹೆಂಡತಿ ಯಾವಾಗ ಎದ್ದಳೋ, ಹೇಗೆ ಓಡಿದಳೋ ನಾನು ಕಾಣೆ. ಒಂದು ಮಾತೂ ಆಡದೆ ಕೂಸಿನ ರಟ್ಟೆ ಹಿಡಿದು ಎಳೆದು, ಅದರ ಸಮೇತ ಕಲ್ಲಿನ ಮೇಲೆ ಕುಕ್ಕರಿಸಿದ್ದಳು. ಸೃಷ್ಟಿಯ ಹಿಮ್ಮಡಿಯ ಕೆಳಗಿದ್ದ ಕಲ್ಲೊಂದು ಸ್ವಲ್ಪ ತಡೆದು ಕೆಳಗೆ ಹೋಯಿತು. ಮೊದಲು ಬಂಡೆಗೆ ಬಡಿದ ಸದ್ದು, ಆಮೇಲೆ ನೀರಿನ ಸದ್ದು. ಆ ಎರಡು ಸದ್ದುಗಳ ನಡುವೆ ಇದ್ದಷ್ಟು ಹೊತ್ತಿನಲ್ಲಿ ನಾನು ಇನ್ನೂ ನಿಂತಿದ್ದೇನೆ.

“ಅಷ್ಟ ಹಿಂದ ಯಾಕ ಹೋದಿ ಬೇ?” ಹೆಂಡತಿ ಕೇಳಿದಳು.

“ಅಜ್ಜ ಸರಿ ಅಂದ, ನಾ ಸರದೆ,” ಎಂದಿತು ಕೂಸು.

ಎಷ್ಟು ಪರೀಕ್ಷೆಗಳಲ್ಲಿ ನಾನೇ ಕೇಳಿದ್ದ ಪ್ರಶ್ನೆ ಇದು: ‘ಸರಿ’ ಪದದ ಎರಡು ಅರ್ಥಗಳನ್ನು ಬರೆಯಿರಿ. ಒಂದು, ತಪ್ಪಿಲ್ಲ. ಎರಡು, ಜರುಗು. ಅಂಕ ಎರಡು. ಏಳು ವರ್ಷದ ಹುಡುಗಿ ಎರಡನೆಯ ಅರ್ಥವನ್ನು ಚಾಚೂ ತಪ್ಪದೆ ಬರೆದಿದ್ದಳು. ಉತ್ತರಪತ್ರಿಕೆ ಗೋಡೆಯ ಅಂಚಿನವರೆಗೂ ಹೋಗಿತ್ತು. ಬುತ್ತಿಯನ್ನು ಯಾರೂ ಮುಟ್ಟಲಿಲ್ಲ. ಬಸ್ಸಿನಲ್ಲಿ ಹೆಂಡತಿ ಒಂದೇ ಮಾತು ಆಡಿದಳು: “ಇನ್ನೊಂದ ಸಲ ಅಂದಿದ್ರ...” ಅಲ್ಲಿಗೇ ಬಿಟ್ಟಳು. ನಾನು ಮಾತ್ರ ದಿನಾ ಅದನ್ನು ಪೂರ್ತಿ ಮಾಡುತ್ತಿದ್ದೇನೆ.

ಅಂದು ಸಂಜೆ ಮಗಳು ವಿಡಿಯೊ ಕಾಲ್ ಮಾಡಿದಳು. ಕೂಸಿನ ರಟ್ಟೆಯ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತು ಎದ್ದು ಕಾಣುತ್ತಿತ್ತು.

“ಏನವಾ ಇದು?”

“ಆಯಿ ಜಗ್ಗಿದ್ಲು ಮಮ್ಮಿ. ನಾ ಅಜ್ಜ ಹೇಳಿದಂಗ ಕೇಳಾಕತ್ತಿದ್ದೆ.”

“ಅವ್ವಾ, ಸಣ್ಣ ಕೂಸಿನ್ನ ಹಿಂಗ ಜಗ್ಗತಾರೇನ?”

ಹೆಂಡತಿ ನನ್ನತ್ತ ನೋಡಿದಳು. “ವಯಸ್ಸಾತವಾ, ಕೈ ಬಿಗಿ ಗೊತ್ತಾಗೂದಿಲ್ಲ” ಎಂದಳು.

“ಅಪ್ಪಾ,” ಎಂದಳು ಮಗಳು, “ಕೂಸು ನಿನ್ನ ಕೈಯಾಗ ಇದ್ರ ನನಗ ಚಿಂತಿಲ್ಲ. ಅವ್ವನ ಮ್ಯಾಲ ಒಂದೀಟ ಲಕ್ಷ್ಯ ಇಡು.”

ಈಗ ನಿಜ ಹೇಳಬೇಕಾಗಿತ್ತು. ಗಂಟಲು ಸರಿಪಡಿಸಿಕೊಂಡು, ಮುಂದೆ ಬಾಗಿ, “ನಿಮ್ಮಲ್ಲೆ ಮಳಿ ಹೆಂಗೈತವಾ?” ಎಂದು ಕೇಳಿದೆ.